ಪ್ರೋಗ್ರಾಮರ್ ಹಚ್ಚಿದಾಗ ಬೋರ್ಡಿಗೆ ಕರೆಂಟ್ ಯಾರು ಕೊಡಬೇಕು?

ಪ್ರಶ್ನೆ: ಸರ್, ನಾನು ಬನಹಟ್ಟಿಯಲ್ಲಿ ಮೋಟಾರ್ ಸ್ಟಾರ್ಟರ್, ಇನ್ವರ್ಟರ್ ರಿಪೇರಿ ಮಾಡುತ್ತೇನೆ. ಹೊಲದ ಪಂಪ್‌ಸೆಟ್ಟಿಗೆ ಹಾಕುವ ಮೊಬೈಲ್ ಸ್ಟಾರ್ಟರ್ ಬೋರ್ಡ್ ಒಂದನ್ನು ನಾನೇ ತಯಾರು ಮಾಡಿದ್ದೇನೆ. ಎಟಿಮೆಗಾ8 ಚಿಪ್, ಎರಡು 12 ವೋಲ್ಟ್ ರಿಲೇ, ಒಂದು ಜಿಎಸ್ಎಂ ಮಾಡ್ಯೂಲ್, ಒಂದು ಎಲ್‌ಸಿಡಿ ಇವೆ. ಟ್ರಾನ್ಸ್‌ಫಾರ್ಮರ್ ಮತ್ತು 5 ವೋಲ್ಟ್ ಕೊಡುವ ರೆಗ್ಯುಲೇಟರ್ 7805 ಬೋರ್ಡ್ ಮೇಲೆಯೇ ಇವೆ. ಲ್ಯಾಪ್‌ಟಾಪಿನಿಂದ ಚಿಪ್ಪಿಗೆ ಕೋಡ್ ಬರೆಯುವ ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರಿನಿಂದ ಕೋಡ್ ಹಾಕುವಾಗ ಬೋರ್ಡಿನ ಕರೆಂಟ್ ಆನ್ ಇರಬೇಕೋ, ಆಫ್ ಇರಬೇಕೋ? ಆಫ್ ಇಟ್ಟರೆ ಒಮ್ಮೊಮ್ಮೆ ಕೋಡ್ ಹೋಗುತ್ತದೆ, ಒಮ್ಮೊಮ್ಮೆ ‘ಟಾರ್ಗೆಟ್ ಉತ್ತರ ಕೊಡುತ್ತಿಲ್ಲ’ ಎಂದು ಬರುತ್ತದೆ. ಆನ್ ಇಟ್ಟಾಗ ಒಂದು ಸಲ ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟ್ ಸತ್ತೇ ಹೋಯಿತು, ರೀಸ್ಟಾರ್ಟ್ ಮಾಡಿದ ಮೇಲೆ ಬಂತು. ಗೆಳೆಯರು ಪಿಕ್‌ಕಿಟ್ ತೊಗೊ, ಎಸ್‌ಟಿ-ಲಿಂಕ್ ತೊಗೊ ಎನ್ನುತ್ತಾರೆ. ಪ್ರೋಗ್ರಾಮರ್ ಬದಲಿಸಿದರೆ ಸರಿ ಹೋಗುತ್ತದೆಯೇ?

ಉತ್ತರ: ಪ್ರೋಗ್ರಾಮರ್ ಬದಲಿಸಬೇಡಿ. ಪಿಕ್‌ಕಿಟ್ ಇರುವುದು ಮುಖ್ಯವಾಗಿ ಪಿಕ್ ಚಿಪ್ಪಿಗೆ, ಎಸ್‌ಟಿ-ಲಿಂಕ್ ಇರುವುದು ಎಸ್‌ಟಿಎಂ ಚಿಪ್ಪುಗಳಿಗೆ. ನಿಮ್ಮ ಎಟಿಮೆಗಾ8ಕ್ಕೆ ಈಗ ಇರುವುದೇ ಸಾಕು. ನೀವು ಬದಲಿಸಬೇಕಾದದ್ದು ಕೇಬಲ್ಲಿನ ಒಂದೇ ಒಂದು ಎಳೆ.

ನಿಮ್ಮ ಯುಎಸ್‌ಬಿಎಎಸ್‌ಪಿಯ ಹತ್ತು ಎಳೆಯ ಚಪ್ಪಟೆ ಕೇಬಲ್ ಕೈಗೆ ತೆಗೆದುಕೊಳ್ಳಿ. ಒಂದು ಅಂಚಿನ ಎಳೆ ಕೆಂಪಗಿದ್ದರೆ ಅದು 1ನೇ ಪಿನ್ನಿನದು. ಬಣ್ಣ ಬಣ್ಣದ ಕೇಬಲ್ ಆಗಿದ್ದರೆ ಕನೆಕ್ಟರಿನ ಮೇಲಿರುವ ಸಣ್ಣ ತ್ರಿಕೋನದ ಗುರುತು ನೋಡಿ. 1ರ ಪಕ್ಕದ ಎರಡನೇ ಎಳೆಯೇ ವಿಸಿಸಿ, ಅಂದರೆ ಚಿಪ್ಪಿಗೆ ಕರೆಂಟ್ ಕೊಡುವ ಎಳೆ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಬಂದ 5 ವೋಲ್ಟ್ ಪ್ರೋಗ್ರಾಮರ್ ಹಾದು, ಈ ಎಳೆಯಲ್ಲಿ ಸೀದಾ ನಿಮ್ಮ ಬೋರ್ಡಿಗೆ ಹೋಗುತ್ತದೆ. ನಡುವೆ ಒಂದು ಜಂಪರ್, ಪುಣ್ಯವಿದ್ದರೆ ಒಂದು ಫ್ಯೂಸ್. ತಡೆಯುವವರು, ಕೇಳುವವರು ಬೇರೆ ಯಾರೂ ಇಲ್ಲ. ಅಂದರೆ ನೀವು ಬೋರ್ಡಿನ ಸ್ವಿಚ್ ಆಫ್ ಮಾಡಿದಾಗಲೂ ಬೋರ್ಡ್ ಆಫ್ ಆಗಿರುವುದಿಲ್ಲ. ಲ್ಯಾಪ್‌ಟಾಪಿನಿಂದ ನಡೆಯುತ್ತಿರುತ್ತದೆ. ಆನ್ ಮಾಡಿದಾಗ ಎರಡೂ ಕಡೆಯಿಂದ ನಡೆಯುತ್ತದೆ.

ಮೊದಲು ಎರಡೂ ಕಡೆಯಿಂದ ಕೊಟ್ಟರೆ ಏನಾಗುತ್ತದೆ ನೋಡೋಣ. ನಿಮ್ಮ ಪೋರ್ಟ್ ಸತ್ತದ್ದು ಆಗಲೇ ಅಲ್ವಾ?

ನಮ್ಮ ಕಡೆ ಹೊಲದಲ್ಲಿ ಎರಡು ಬೋರಿನ ನೀರನ್ನು ಒಂದೇ ಪೈಪಿಗೆ ಸೇರಿಸುತ್ತಾರೆ. ನೀವೂ ನೋಡಿರುತ್ತೀರಿ. ಎರಡಕ್ಕೂ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಎನ್‌ಆರ್‌ವಿ ವಾಲ್ವ್ ಹಾಕಿರಲಿಲ್ಲ ಎಂದರೆ, ಜೋರಿರುವ ಬೋರಿನ ನೀರು ಹೊಲಕ್ಕೆ ಹೋಗುವ ಬದಲು ಇನ್ನೊಂದು ಬೋರಿನೊಳಗೆ ಇಳಿಯುತ್ತದೆ. ಇಲ್ಲಿ ಆಗುವುದೂ ಅದೇ. 7805 ಕೊಡುವುದು ಸರಿಯಾಗಿ 5.00 ಅಲ್ಲ, 4.8ರಿಂದ 5.2ರ ನಡುವೆ ಎಲ್ಲೋ ಒಂದು ಕಡೆ. ಯುಎಸ್‌ಬಿಯದೂ ಹೆಚ್ಚು ಕಡಿಮೆ 4.75ರಿಂದ 5.25. ನಿಮ್ಮ 7805 5.1 ಕೊಡುತ್ತಿದೆ, ಲ್ಯಾಪ್‌ಟಾಪ್ 5.0 ಕೊಡುತ್ತಿದೆ ಎಂದುಕೊಳ್ಳಿ. ವ್ಯತ್ಯಾಸ ಬರೀ 0.1 ವೋಲ್ಟ್. ಆದರೆ ನಡುವಿನ ವೈರಿನ ರೆಸಿಸ್ಟೆನ್ಸ್ 0.2 ಓಮ್ ಇದ್ದರೆ, 0.1 ಭಾಗಿಸು 0.2, ಅರ್ಧ ಆಂಪಿಯರ್ ಲ್ಯಾಪ್‌ಟಾಪಿನೊಳಗೆ ಹಿಂದಕ್ಕೆ ನುಗ್ಗಬಹುದು. ಯುಎಸ್‌ಬಿ ಪೋರ್ಟ್ ಕೊಡಲಿಕ್ಕೆ ಇರುವುದು, ತೆಗೆದುಕೊಳ್ಳಲಿಕ್ಕೆ ಅಲ್ಲ. ಒಳ್ಳೆಯ ಲ್ಯಾಪ್‌ಟಾಪ್ ಪೋರ್ಟ್ ಮುಚ್ಚಿಕೊಂಡು ಬಚಾವಾಗುತ್ತದೆ. ನಿಮ್ಮದು ಅಂಥದ್ದು, ರೀಸ್ಟಾರ್ಟ್ ಮಾಡಿದಾಗ ಬಂತು. ಎಲ್ಲ ಲ್ಯಾಪ್‌ಟಾಪೂ ಅಷ್ಟು ಒಳ್ಳೆಯದಿರುವುದಿಲ್ಲ.

ಇದನ್ನು ಹಿಡಿಯುವುದು ಸುಲಭ. ಬೋರ್ಡ್ ಆನ್ ಮಾಡಿ, ಪ್ರೋಗ್ರಾಮರಿನ ಕೇಬಲ್ ಬೋರ್ಡಿಗೆ ಹಚ್ಚಿ, ಆದರೆ ಯುಎಸ್‌ಬಿ ಲ್ಯಾಪ್‌ಟಾಪಿಗೆ ಚುಚ್ಚಬೇಡಿ. ಪ್ರೋಗ್ರಾಮರಿನ ಎಲ್‌ಇಡಿ ಉರಿಯುತ್ತದೆಯೇ? ಉರಿದರೆ ಬೋರ್ಡಿನ ಕರೆಂಟ್ ಹಿಂದಕ್ಕೆ ಬರುತ್ತಿದೆ ಎಂದೇ ಅರ್ಥ. ಇನ್ನು ಯುಎಸ್‌ಬಿ ಚುಚ್ಚಿದರೆ ಅದು ಸೀದಾ ಲ್ಯಾಪ್‌ಟಾಪಿಗೆ.

ಯುಎಸ್‌ಬಿ ಕಡೆಯ ವೋಲ್ಟೇಜ್ ಜಾಸ್ತಿ ಇದ್ದರೆ ಇನ್ನೊಂದು ತರಹ. 7805ಗೆ ಹೊರಗಿನಿಂದ ಬಂದ ಕರೆಂಟನ್ನು ಎಳೆದುಕೊಂಡು ತಗ್ಗಿಸುವ ಶಕ್ತಿ ಇಲ್ಲ. ‘ನನ್ನ ಕೆಲಸ ಮುಗಿಯಿತು’ ಎಂದು ಸುಮ್ನೆ ಕೂರುತ್ತದೆ. ಇಡೀ ಬೋರ್ಡಿನ ಭಾರ ಲ್ಯಾಪ್‌ಟಾಪಿನ ತಲೆ ಮೇಲೆ ಬೀಳುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ, ಎಲ್‌ಸಿಡಿ ಉರಿಯುತ್ತಲೇ ಇರುತ್ತದಲ್ಲ!

ಈಗ ಆಫ್ ಇಟ್ಟಾಗಿನ ಕಥೆ. ಒಮ್ಮೊಮ್ಮೆ ಹೋಗುತ್ತದೆ, ಒಮ್ಮೊಮ್ಮೆ ಹೋಗುವುದಿಲ್ಲ ಎಂದಿರಿ. ನನ್ನ ಅನುಮಾನ ಪೂರ್ತಿ ನಿಮ್ಮ ಜಿಎಸ್ಎಂ ಮಾಡ್ಯೂಲ್ ಮೇಲಿದೆ. ಅದಕ್ಕೆ ಕರೆಂಟ್ ಎಲ್ಲಿಂದ ಕೊಟ್ಟಿದ್ದೀರಿ ಎಂದು ನೀವು ಬರೆದಿಲ್ಲ. ಬಹಳ ಜನ 5 ವೋಲ್ಟಿನಿಂದ ಒಂದು ಡಯೋಡ್ ಹಾಕಿ 4.3ಕ್ಕೆ ಇಳಿಸಿ, ಪಕ್ಕದಲ್ಲಿ ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ನಿಮ್ಮದೂ ಹಾಗೇ ಇದ್ದರೆ ಲೆಕ್ಕ ಹೀಗೆ ಆಗುತ್ತದೆ. ಎಸ್‌ಐಎಂ800 ಜಾತಿಯ ಮಾಡ್ಯೂಲ್ ಟವರಿಗೆ ಸಿಗ್ನಲ್ ಕಳಿಸುವ ಗಳಿಗೆಯಲ್ಲಿ 2 ಆಂಪಿಯರ್ ತನಕ ಎಳೆಯುತ್ತದೆ. ಗಳಿಗೆ ಎಂದರೆ ಮಿಲಿ ಸೆಕೆಂಡಿಗಿಂತ ಕಡಿಮೆ, ಆದರೆ ಮತ್ತೆ ಮತ್ತೆ. ಯುಎಸ್‌ಬಿ 2ರ ಪೋರ್ಟ್ ಕೊಡುವುದು ಹೆಚ್ಚೆಂದರೆ 500 ಮಿಲಿ ಆಂಪಿಯರ್. ಅದೂ ಚುಚ್ಚಿದ ಸಾಧನ ‘ನನಗೆ ಇಷ್ಟು ಬೇಕು’ ಎಂದು ಲ್ಯಾಪ್‌ಟಾಪಿಗೆ ಹೇಳಿಕೊಂಡ ಮೇಲೆ. ಅದಕ್ಕೂ ಮುಂಚೆ 100 ಮಾತ್ರ. ಇನ್ನು ಆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಯುಎಸ್‌ಬಿ ನಿಯಮದ ಪ್ರಕಾರ ಚುಚ್ಚುವ ಸಾಧನ ಪೋರ್ಟಿನ ಮೇಲೆ ಒಮ್ಮೆಲೇ ಹೊರಿಸಬಹುದಾದದ್ದು 10 ಮೈಕ್ರೋಫ್ಯಾರಡ್ ಅಷ್ಟೆ. ನಿಮ್ಮ ಬೋರ್ಡ್ ಅದರ ನೂರು ಪಟ್ಟು ದೊಡ್ಡ ಗುಟುಕು ಕುಡಿಯುತ್ತಿದೆ.

ಒಂದು ಸಲ ಹೀಗೆ ಮಾಡಿ ನೋಡಿ. ಯುಎಸ್‌ಬಿ ಚುಚ್ಚಿದ ಎರಡನೇ ಸೆಕೆಂಡಿಗೆ ರೈಟ್ ಕಮಾಂಡ್ ಕೊಡಿ. ಇನ್ನೊಂದು ಸಲ ಚುಚ್ಚಿ, ಹತ್ತು ಸೆಕೆಂಡ್ ಬಿಟ್ಟು ಕೊಡಿ. ಮೊದಲನೆಯದು ಹೋಗಿ ಎರಡನೆಯದು ಕೈ ಕೊಟ್ಟರೆ ಕಳ್ಳ ಸಿಕ್ಕಿದ ಹಾಗೆ. ಮಾಡ್ಯೂಲ್ ಎದ್ದು ಟವರ್ ಹುಡುಕಲು ಶುರು ಮಾಡುವ ತನಕ ನಿಮಗೆ ಸಮಯ ಇತ್ತು, ಆಮೇಲೆ ಇರಲಿಲ್ಲ.

ಮೀಟರ್ ಎಲ್ಲಿ ಇಡುತ್ತೀರಿ ಎನ್ನುವುದೂ ಮುಖ್ಯ. ಪ್ರೋಗ್ರಾಮರಿನ ಹತ್ತಿರ ಇಟ್ಟರೆ 4.9 ತೋರಿಸುತ್ತದೆ, ನೀವು ಖುಷಿಯಾಗುತ್ತೀರಿ. ಚಿಪ್ಪಿನ ಕಾಲಿನ ಮೇಲೇ ಇಡಿ. 28 ಕಾಲಿನ ಎಟಿಮೆಗಾ8ರಲ್ಲಿ 7 ವಿಸಿಸಿ, 8 ಗ್ರೌಂಡ್. 20ನೇ ಕಾಲು ಎವಿಸಿಸಿ, ಅಂದರೆ ವೋಲ್ಟೇಜ್ ಅಳೆಯುವ ಎಡಿಸಿ ಭಾಗದ ಕರೆಂಟ್, ಅದನ್ನೂ 5 ವೋಲ್ಟಿಗೆ ಸೇರಿಸಿದ್ದೀರಿ ತಾನೇ? ಎಡಿಸಿ ಉಪಯೋಗಿಸುವುದಿಲ್ಲ ಎಂದು ಅದನ್ನು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಚಿಪ್ಪಿನ ಮೇಲೆ ಬರೀ ಎಟಿಮೆಗಾ8 ಎಂದಿದ್ದರೆ ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು. ಕೊನೆಗೆ ಎಲ್ ಅಥವಾ ಎ ಅಕ್ಷರ ಇದ್ದರೆ 2.7ರ ತನಕ ತಡೆಯುತ್ತದೆ. ಕೋಡ್ ಬರೆಯುವಾಗ ಮೀಟರ್ ಮೇಲೆ ಕಣ್ಣಿಡಿ. ಮೀಟರ್ ಸರಾಸರಿ ತೋರಿಸುವ ಯಂತ್ರ, ಮಿಲಿ ಸೆಕೆಂಡಿನ ಕುಸಿತ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಮೀಟರಿನಲ್ಲೇ 4.6, 4.7 ಎಂದು ಕುಣಿಯುತ್ತಿದ್ದರೆ ಒಳಗೆ ಅದಕ್ಕಿಂತ ಕೆಳಗೆ ಬಿದ್ದು ಎದ್ದಿರುತ್ತದೆ. ಅಂಥ ಹೊತ್ತಿನಲ್ಲಿ ಫ್ಯೂಸ್ ಬಿಟ್, ಅಂದರೆ ಚಿಪ್ ಯಾವ ಕ್ಲಾಕ್ ಮೇಲೆ ಓಡಬೇಕು ಎಂಬಂಥ ಸೆಟ್ಟಿಂಗ್, ಬರೆಯಲು ಹೋಗಲೇಬೇಡಿ. ಬಿಟ್ ತಪ್ಪಾಗಿ ಕೂತು, ಬೋರ್ಡಿನಲ್ಲಿ ಇಲ್ಲದ ಕ್ರಿಸ್ಟಲನ್ನು ಚಿಪ್ ಹುಡುಕುತ್ತಾ ಕುಳಿತುಬಿಟ್ಟರೆ ಆಮೇಲೆ ಯಾರ ಮಾತಿಗೂ ಉತ್ತರ ಕೊಡುವುದಿಲ್ಲ.

7805ಗೆ ಹಿಂದಿನಿಂದ ಕರೆಂಟ್ ಕೊಡುವುದರಲ್ಲಿ ಇನ್ನೂ ಒಂದು ತೊಂದರೆ. ಔಟ್‌ಪುಟ್‌ಗೆ 5 ವೋಲ್ಟ್ ಕೊಟ್ಟು ಇನ್‌ಪುಟ್ ಖಾಲಿ ಬಿಟ್ಟರೆ ಅದು ಬಾಗಿಲು ಮುಚ್ಚುವುದಿಲ್ಲ. ಕರೆಂಟ್ ಅದರೊಳಗಿಂದ ಹಿಂದಕ್ಕೆ ಹರಿದು, ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್ ಪಕ್ಕದ ದೊಡ್ಡ ಕೆಪಾಸಿಟರನ್ನು ತುಂಬಿಸುತ್ತದೆ. 12 ವೋಲ್ಟ್ ಲೈನಿನಲ್ಲಿ ನಾಲ್ಕು ಚಿಲ್ಲರೆ ವೋಲ್ಟ್ ಬರುತ್ತದೆ. ನಿಮ್ಮ ರಿಲೇ ಎಳೆಯಲು ಸುಮಾರು 9 ಬೇಕು, ಹಾಗಾಗಿ ಅದು ಎಳೆಯುವುದಿಲ್ಲ. ಆದರೆ ಆ ಲೈನಿನಲ್ಲಿ ಬೇರೆ ಏನಿದ್ದರೂ ಅರೆಬರೆ ಎಚ್ಚರಾಗಿ ಕರೆಂಟ್ ತಿನ್ನುತ್ತದೆ.

ಹಾಗಾದರೆ ಏನು ಮಾಡಬೇಕು? ನಿಮ್ಮಂಥ ಬೋರ್ಡಿಗೆ ನನ್ನ ಉತ್ತರ ಒಂದೇ. ಕರೆಂಟ್ ಬೋರ್ಡಿನದೇ ಇರಲಿ, ಪ್ರೋಗ್ರಾಮರಿನ ವಿಸಿಸಿ ಎಳೆ ಕತ್ತರಿಸಿ.

ಬೆಳಗಾವಿಯ ಉದ್ಯಮಬಾಗದಲ್ಲಿರುವ ನನ್ನ ಟೇಬಲ್ ಮೇಲೆ ಎರಡು ಕೇಬಲ್ ನೇತಾಡುತ್ತಿರುತ್ತವೆ. ಒಂದು ಇದ್ದ ಹಾಗೇ ಇದೆ. ಇನ್ನೊಂದರಲ್ಲಿ ಎರಡನೇ ಎಳೆಯನ್ನು ಬ್ಲೇಡಿನಿಂದ ಬಿಡಿಸಿ, ಒಂದು ಬೆರಳಗಲ ತುಂಡನ್ನೇ ತೆಗೆದು, ಮೇಲೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ. ಸುಮ್ನೆ ಕತ್ತರಿಸಿ ಬಿಟ್ಟರೆ ತುದಿಗಳು ಮತ್ತೆ ತಾಗುತ್ತವೆ, ಅದಕ್ಕೇ ತುಂಡು ತೆಗೆಯುವುದು. ಕೆಂಪು ಟೇಪಿನ ಕೇಬಲ್ ಸ್ವಂತ ಕರೆಂಟ್ ಇರುವ ಬೋರ್ಡಿಗೆ. ಟೇಪ್ ಇಲ್ಲದ್ದು ಬ್ರೆಡ್‌ಬೋರ್ಡ್ ಮೇಲಿನ ಒಂಟಿ ಚಿಪ್ಪಿಗೆ, ಎರಡು ಎಲ್‌ಇಡಿ ಇರುವ ಸಣ್ಣ ಬೋರ್ಡಿಗೆ. ಒಂಟಿ ಚಿಪ್ ತಿನ್ನುವುದು ಕೆಲವು ಮಿಲಿ ಆಂಪಿಯರ್, ಅದಕ್ಕೆ ಪ್ರೋಗ್ರಾಮರಿನಿಂದಲೇ ಕೊಡುವುದು ಎಲ್ಲಕ್ಕಿಂತ ಸಲೀಸು. ಗ್ರೌಂಡ್ ಎಳೆಗಳನ್ನು ಮಾತ್ರ ಎಂದೂ ಕತ್ತರಿಸಬೇಡಿ. ಎರಡು ಕಡೆಯವರಿಗೂ ಸೊನ್ನೆ ಎಲ್ಲಿದೆ ಎನ್ನುವುದರಲ್ಲಿ ಒಪ್ಪಂದ ಇಲ್ಲದಿದ್ದರೆ ಯಾವ ಸಿಗ್ನಲ್ಲಿಗೂ ಅರ್ಥ ಇರುವುದಿಲ್ಲ.

ಬೋರ್ಡಿನ ಕರೆಂಟ್ ಎಂದಾಗ ಟೇಬಲ್ ಮೇಲೆ ಫೇಸ್, ನ್ಯೂಟ್ರಲ್ ಹಚ್ಚಿಕೊಂಡು ಕೂರಿ ಎಂದು ಹೇಳುತ್ತಿಲ್ಲ. ಸಿಸಿಟಿವಿಗೆ ಹಾಕುವ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಒಂದು ತನ್ನಿ. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ವೈರ್ ಎರಡನ್ನೂ ಬಿಚ್ಚಿ, ಅದೇ ಜಾಗಕ್ಕೆ ಅಡಾಪ್ಟರ್ ಕೊಡಿ. ಮುಂದೆ ಬ್ರಿಡ್ಜ್ ಇರುವುದರಿಂದ ಪ್ಲಸ್ ಮೈನಸ್ ಹೇಗೆ ಹಚ್ಚಿದರೂ ನಡೆಯುತ್ತದೆ. ಸೆಕೆಂಡರಿಯನ್ನು ಬಿಚ್ಚಲು ಮಾತ್ರ ಮರೆಯಬೇಡಿ. ಬಿಚ್ಚದೆ ಡಿಸಿ ಕೊಟ್ಟರೆ ಆ ದಪ್ಪ ತಂತಿಯ ಸುತ್ತು ಅಡಾಪ್ಟರಿಗೆ ಹೆಚ್ಚು ಕಡಿಮೆ ಶಾರ್ಟ್ ಇದ್ದ ಹಾಗೆ. ಬ್ರಿಡ್ಜಿನಲ್ಲಿ ಎರಡು ಡಯೋಡ್ ಸೇರಿ 1.4 ವೋಲ್ಟ್ ಹೋಗಿ 10.6 ಉಳಿಯುತ್ತದೆ. 7805ಗೆ ಔಟ್‌ಪುಟ್‌ಗಿಂತ ಎರಡು ವೋಲ್ಟ್ ಜಾಸ್ತಿ ಇದ್ದರೆ ಸಾಕು, ರಿಲೇ ಕೂಡ ಎಳೆಯುತ್ತದೆ. 230 ವೋಲ್ಟ್ ಟೇಬಲ್ಲಿನಿಂದಲೇ ದೂರ. ಟ್ರಾನ್ಸ್‌ಫಾರ್ಮರ್ ಹೇಗೂ ಐಸೋಲೇಷನ್ ಕೊಡುತ್ತದೆ, ನಿಜ. ಆದರೆ ಕೈ ತಾಗುವುದು ಪ್ರೈಮರಿ ಕಡೆಗೂ ಆಗಬಹುದಲ್ಲ.

ಕ್ರಮ ಹೀಗಿರಲಿ. ಎಲ್ಲ ಆಫ್ ಇದ್ದಾಗ ಕೇಬಲ್ ಹಚ್ಚಿ. ಬೋರ್ಡ್ ಆನ್ ಮಾಡಿ, ಮೀಟರಿನಲ್ಲಿ 5 ವೋಲ್ಟ್ ನೋಡಿ. ಆಮೇಲೆ ಯುಎಸ್‌ಬಿ ಚುಚ್ಚಿ. ಕಮಾಂಡ್ ಬರುವ ತನಕ ಯುಎಸ್‌ಬಿಎಎಸ್‌ಪಿ ತನ್ನ ಸಿಗ್ನಲ್ ಪಿನ್ನುಗಳನ್ನು ಕೈ ಬಿಟ್ಟಿರುತ್ತದೆ, ಹಾಗಾಗಿ ಯಾವ ಜಗಳವೂ ಇಲ್ಲ. ಮುಗಿದ ಮೇಲೆ ಯುಎಸ್‌ಬಿ ಮೊದಲು ತೆಗೆದು, ನಂತರ ಬೋರ್ಡ್ ಆಫ್ ಮಾಡಿ.

ಕೆಂಪು ಟೇಪಿನ ಕೇಬಲ್ ಹಚ್ಚಿ ಬೋರ್ಡ್ ಆನ್ ಮಾಡಲು ಮರೆತರೆ? ಇದು ಎಲ್ಲರಿಗೂ ಒಂದಲ್ಲ ಒಂದು ದಿನ ಆಗುತ್ತದೆ, ಮತ್ತು ತಲೆ ಕೆಡಿಸುವುದೂ ಇದೇ. ಒಂದು ಸಲ ನಮ್ಮಲ್ಲಿ ಟ್ರೇನಿಂಗಿಗೆ ಬಂದಿದ್ದ ಡಿಪ್ಲೊಮಾ ಹುಡುಗ ಓಡಿ ಬಂದ. ‘ಸರ, ಕರೆಂಟ್ ಹಚ್ಚೇ ಇಲ್ರಿ, ಎಲ್‌ಸಿಡಿ ಮ್ಯಾಲ ಅಕ್ಷರ ಬರಾಕತ್ಯಾವ!’ ಹೋಗಿ ನೋಡಿದರೆ ನಿಜ. ಅಡಾಪ್ಟರ್ ಕೆಳಗೆ ಬಿದ್ದಿದೆ, ವಿಸಿಸಿ ಎಳೆ ಕತ್ತರಿಸಿದ ಕೇಬಲ್, ಆದರೂ ಎಲ್‌ಸಿಡಿಯಲ್ಲಿ ಮಸುಕು ಮಸುಕಾಗಿ ಅಕ್ಷರ. ಚಿಪ್ಪಿನ 7ನೇ ಕಾಲಿನಲ್ಲಿ ಮೀಟರ್ 3.8 ವೋಲ್ಟ್ ತೋರಿಸಿತು.

ಆ 3.8 ಬಂದದ್ದು ಸಿಗ್ನಲ್ ಎಳೆಗಳಿಂದ. ಚಿಪ್ಪಿನ ಪ್ರತಿ ಪಿನ್ನಿನಿಂದ ಒಳಗಿನ ವಿಸಿಸಿ ಕಡೆಗೆ ಒಂದು ಪುಟ್ಟ ಡಯೋಡ್ ಇರುತ್ತದೆ, ಸ್ಟ್ಯಾಟಿಕ್ ಕರೆಂಟಿನಿಂದ ಚಿಪ್ ಸಾಯದಿರಲಿ ಎಂದು ಹಾಕಿದ್ದು. ರೀಸೆಟ್ ಪಿನ್ ಮಾತ್ರ ಬೇರೆ ತರಹ. ಚಿಪ್ಪಿಗೆ ಕರೆಂಟ್ ಇಲ್ಲದಾಗ ಪ್ರೋಗ್ರಾಮರ್ ಎಂಒಎಸ್‌ಐ ಎಂಬ ಡೇಟಾ ಎಳೆಯನ್ನು ಅಥವಾ ಎಸ್‌ಸಿಕೆ ಎಂಬ ಕ್ಲಾಕ್ ಎಳೆಯನ್ನು 5 ವೋಲ್ಟಿಗೆ ಎತ್ತಿದರೆ, ಆ ಡಯೋಡ್ ಹಾದು ಕರೆಂಟ್ ಇಡೀ ಬೋರ್ಡಿನ ವಿಸಿಸಿಗೆ ನುಸುಳುತ್ತದೆ. ಹಿತ್ತಲ ಬಾಗಿಲಿನಿಂದ ಬಂದ ಕರೆಂಟ್. ಪಿನ್ನಿನ ಮೇಲಿನ ವೋಲ್ಟೇಜ್ ವಿಸಿಸಿಗಿಂತ 0.5 ವೋಲ್ಟಿಗೂ ಜಾಸ್ತಿ ಇರಬಾರದು ಎಂದು ಡೇಟಾಶೀಟಿನಲ್ಲಿ ಬರೆದಿರುವುದು ಇದಕ್ಕೇ. ಒಂದೆರಡು ಸಲಕ್ಕೆ ಏನೂ ಆಗುವುದಿಲ್ಲ. ಪ್ರತಿ ದಿನ ಮಾಡಿದರೆ ಚಿಪ್ಪೋ ಪ್ರೋಗ್ರಾಮರೋ ಯಾವುದೋ ಒಂದರ ಪಿನ್ ಹೋಗುತ್ತದೆ. ಅದಕ್ಕಿಂತ ದೊಡ್ಡ ತಾಪತ್ರಯ ಎಂದರೆ ಇಂಥ ಸ್ಥಿತಿಯಲ್ಲಿ ಕೋಡ್ ಒಮ್ಮೊಮ್ಮೆ ಹೋಗಿಯೂ ಬಿಡುತ್ತದೆ. ಆಗ ಎಲ್ಲ ಸರಿಯಿದೆ ಎಂದುಕೊಂಡು ತಪ್ಪನ್ನು ಪ್ರೋಗ್ರಾಮಿನಲ್ಲಿ ಹುಡುಕುತ್ತಾ ರಾತ್ರಿ ಕಳೆಯುತ್ತೀರಿ.

ಇನ್ನು ನಿಮ್ಮ ಗೆಳೆಯರ ಸಲಹೆಗೆ ಬರುತ್ತೇನೆ. ಮುಂದೆ ಎಂದಾದರೂ ಪಿಕ್ ಅಥವಾ ಎಸ್‌ಟಿಎಂ ಚಿಪ್ ಹಿಡಿದರೆ ಒಂದು ಮಾತು ನೆನಪಿರಲಿ. ಎಲ್ಲ ಪ್ರೋಗ್ರಾಮರಿನಲ್ಲೂ ವಿಸಿಸಿ ಅಥವಾ ವಿಡಿಡಿ ಎಂಬ ಪಿನ್ ಇರುತ್ತದೆ, ಆದರೆ ಎಲ್ಲದರಲ್ಲೂ ಅದರ ಕೆಲಸ ಒಂದೇ ಅಲ್ಲ. ಕೆಲವದರಲ್ಲಿ ಅದು ಕೊಡುವ ಪಿನ್, ಕೆಲವದರಲ್ಲಿ ಕೇಳುವ ಪಿನ್. ಯುಎಸ್‌ಬಿಎಎಸ್‌ಪಿಯದು ಕೊಡುವ ಪಿನ್, ಅದಕ್ಕೇ ಕತ್ತರಿಸಿ ಎಂದೆ. ಎಟಿಮೆಗಾ ಚಿಪ್ಪುಗಳಿಗೇ ಇರುವ ಇನ್ನೊಂದು ಪ್ರೋಗ್ರಾಮರ್ ಅಟ್ಮೆಲ್-ಐಸ್‌ನದು ಕೇಳುವ ಪಿನ್. ಬೋರ್ಡಿನಲ್ಲಿ ಎಷ್ಟು ವೋಲ್ಟ್ ಇದೆ ಎಂದು ಅದರಿಂದ ಅಳೆದುಕೊಂಡು, 1.62ರಿಂದ 5.5 ವೋಲ್ಟಿನ ತನಕ ತನ್ನ ಸಿಗ್ನಲ್ಲುಗಳನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳುತ್ತದೆ. ಬೋರ್ಡಿಗೆ ಅದು ಕರೆಂಟ್ ಕೊಡುವುದೇ ಇಲ್ಲ. ಅದರ ಈ ಎಳೆ ಕತ್ತರಿಸಿದಿರೋ, ‘ಬೋರ್ಡಿನಲ್ಲಿ ಕರೆಂಟೇ ಇಲ್ಲ’ ಎಂದು ಮುಖ ತಿರುಗಿಸುತ್ತದೆ. ಅಸಲಿ ಎಸ್‌ಟಿ-ಲಿಂಕ್ ವಿ2ರ 1ನೇ ಪಿನ್ ಕೂಡ ಕೇಳುವ ಜಾತಿಯದೇ. ಆದರೆ ಅದೇ ಹೆಸರಲ್ಲಿ ಮಾರುವ ಪೆನ್‌ಡ್ರೈವಿನಂಥ ಅಗ್ಗದ ನಕಲಿನಲ್ಲಿ 3.3 ಎಂದು ಬರೆದ ಪಿನ್ ಕೊಡುವ ಪಿನ್! ಸ್ವಂತ ಕರೆಂಟ್ ಇರುವ ಬೋರ್ಡಿಗೆ ಅದನ್ನು ಹಚ್ಚಿದರೆ ಎರಡು ಬೋರಿನ ಕಥೆ ಮತ್ತೆ ಶುರು. ನಕಲಿನಲ್ಲಿ ಎಸ್‌ಡಬ್ಲ್ಯುಡಿಐಒ, ಎಸ್‌ಡಬ್ಲ್ಯುಸಿಎಲ್‌ಕೆ, ಗ್ರೌಂಡ್, ಈ ಮೂರೇ ವೈರ್ ಹಾಕಿ. ಹೆಸರು ಒಂದೇ, ನಿಯಮ ಉಲ್ಟಾ. ಬಹಳ ಜನ ಎಡವುವುದು ಇಲ್ಲೇ.

ಪಿಕ್‌ಕಿಟ್ 3 ಎರಡೂ ಮಾಡುತ್ತದೆ. ಸಾಫ್ಟ್‌ವೇರಿನಲ್ಲಿ ಬೋರ್ಡಿಗೆ ಕರೆಂಟ್ ಕೊಡು ಎನ್ನುವ ಚೌಕಕ್ಕೆ ಟಿಕ್ ಹಾಕಿದರೆ ಕೊಡುತ್ತದೆ, ಹಾಕದಿದ್ದರೆ ಅಳೆಯುತ್ತದೆ. ಕೊಟ್ಟರೂ 30 ಮಿಲಿ ಆಂಪಿಯರ್ ಮಾತ್ರ. ನಿಮ್ಮ ಎಲ್‌ಸಿಡಿಯ ಬ್ಯಾಕ್‌ಲೈಟಿಗೇ ಅದು ಮುಗಿದುಹೋಗಬಹುದು. 5 ವೋಲ್ಟಿನ ಒಂದು ಸಕ್ಕರೆ ಅಚ್ಚಿನಂಥ ರಿಲೇ ಕೂಡ 70 ಮಿಲಿ ಆಂಪಿಯರ್ ಕೇಳುತ್ತದೆ. ಬೋರ್ಡಿಗೆ ಸ್ವಂತ ಕರೆಂಟ್ ಇದ್ದರೆ ಟಿಕ್ ತೆಗೆಯಿರಿ, ವಿಡಿಡಿ ಎಳೆ ಇರಲಿ.

ಇಲ್ಲಿಯವರೆಗೆ ಹೇಳಿದ್ದು ಪೋರ್ಟ್ ಹೋಗುವ, ಚಿಪ್ ಹೋಗುವ ಮಾತು. ಮುಂದಿನದು ಜೀವ ಹೋಗುವ ಮಾತು. ನೀವು ರಿಪೇರಿ ಮಾಡುವವರು, ನಿಮ್ಮ ಟೇಬಲ್ಲಿಗೆ ಟ್ರಾನ್ಸ್‌ಫಾರ್ಮರ್ ಇಲ್ಲದ ಬೋರ್ಡುಗಳು ಬಂದೇ ಬರುತ್ತವೆ. ಟೈಮರ್, ಅಗ್ಗದ ವಾಟರ್ ಲೆವೆಲ್ ಕಂಟ್ರೋಲರ್, ಫ್ಯಾನ್ ರೆಗ್ಯುಲೇಟರ್. ಟ್ರಾನ್ಸ್‌ಫಾರ್ಮರಿನ ಬದಲು ಒಂದು ಚೌಕಾಕಾರದ ಕೆಪಾಸಿಟರ್ ಕಂಡರೆ, ಅದರ ಮೇಲೆ 0.47 ಮೈಕ್ರೋಫ್ಯಾರಡ್ 275 ವೋಲ್ಟ್ ಎಂಬಂಥ ಬರಹ ಇದ್ದರೆ, ಅಲ್ಲೇ ಕೈ ನಿಲ್ಲಿಸಿ. 230 ವೋಲ್ಟನ್ನು ಆ ಕೆಪಾಸಿಟರ್ ಹಾಯಿಸಿ ಸುಮಾರು 30 ಮಿಲಿ ಆಂಪಿಯರ್ ತೆಗೆದು, ಝೀನರ್ ಹಾಕಿ 5 ವೋಲ್ಟ್ ಮಾಡಿರುತ್ತಾರೆ. ಚಿಪ್ಪಿನ ಎರಡು ಕಾಲಿನ ನಡುವೆ 5 ವೋಲ್ಟೇ ಇರುತ್ತದೆ, ಸುಳ್ಳಲ್ಲ. ಆದರೆ ಅದರ ಗ್ರೌಂಡ್ ಸೀದಾ ಮೇನ್ಸಿಗೆ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಅದೇ ಫೇಸ್. ಅದಕ್ಕೆ ಪ್ರೋಗ್ರಾಮರ್ ಹಚ್ಚಿದರೆ ಲ್ಯಾಪ್‌ಟಾಪಿನ ಯುಎಸ್‌ಬಿ ಕವಚವೇ 230 ವೋಲ್ಟಿಗೆ ಏರುತ್ತದೆ. ಅರ್ಥಿಂಗ್ ಇರುವ ಡೆಸ್ಕ್‌ಟಾಪ್ ಆದರೆ ಢಂ ಎಂದು ಮದರ್‌ಬೋರ್ಡ್ ಹೋಗುತ್ತದೆ. ‘ಲ್ಯಾಪ್‌ಟಾಪ್ ಬ್ಯಾಟರಿ ಮೇಲಿದೆ, ಏನೂ ಆಗಲ್ಲ’ ಎನ್ನುವವರಿದ್ದಾರೆ. ಲ್ಯಾಪ್‌ಟಾಪಿಗೆ ಏನೂ ಆಗದೆ ಇರಬಹುದು, ಅದನ್ನು ಮುಟ್ಟುವವರು ನೀವು. ಇಂಥ ಬೋರ್ಡಿಗೆ ಮಾತ್ರ ನನ್ನ ನಿಯಮ ತಿರುಗುಮುರುಗು. ಮೇನ್ಸ್ ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ, ಕೆಪಾಸಿಟರ್ ಖಾಲಿಯಾಗಿದೆಯೇ ಎಂದು ಮೀಟರಿನಲ್ಲಿ ನೋಡಿ, ಟೇಪ್ ಇಲ್ಲದ ಕೇಬಲ್ ಹಚ್ಚಿ ಪ್ರೋಗ್ರಾಮರಿನಿಂದಲೇ ಕರೆಂಟ್ ಕೊಡಿ. 30 ಮಿಲಿ ಆಂಪಿಯರಿನಲ್ಲಿ ಬದುಕುವ ಬೋರ್ಡ್ ಅದು, ಯುಎಸ್‌ಬಿಗೆ ಭಾರವಲ್ಲ.

ಹೊಲದಲ್ಲಿ ಕೂತು ಕೋಡ್ ಬದಲಿಸುವ ಆಸೆಯೂ ಬೇಡ. ಅಥಣಿ ಕಡೆ ಒಂದು ಕಬ್ಬಿನ ಗದ್ದೆಯಲ್ಲಿ ನಾನು ಹಾಗೆ ಮಾಡಿದ್ದೆ. ತ್ರೀ ಫೇಸ್ ಇತ್ತು, ಸ್ಟಾರ್ಟರ್ ಬಾಕ್ಸ್ ತೆರೆದಿತ್ತು, ಲ್ಯಾಪ್‌ಟಾಪ್ ಬೈಕ್ ಸೀಟಿನ ಮೇಲೆ. ಪಿನ್ ಸಾಲದೆ ಒಂದು ರಿಲೇಯನ್ನು ಎಸ್‌ಸಿಕೆ ಪಿನ್ನಿಗೇ ಹಾಕಿದ್ದೆ. ಕೋಡ್ ಹೋಗಲು ಶುರುವಾಗಿದ್ದೇ ತಡ, ಆ ಪಿನ್ ಮೇಲೆ ಕೆಳಗೆ ಕುಣಿದು ಕಾಂಟಾಕ್ಟರ್ ಟಕಟಕಟಕ ಎಂದು ಬಡಿದುಕೊಂಡಿತು. ಕೆಳಗಿದ್ದದ್ದು ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರ್. ಹೊಲದ ಯಜಮಾನರು ಮೇನ್ ಇಳಿಸಿ, ‘ಏನ್ರಿ ಸಾಹೇಬ್ರ, ಮೋಟಾರ ಕುಣಸಾಕ ಬಂದೀರೇನು?’ ಎಂದರು. ಮೋಟಾರ್ ಉಳಿಯಿತು, ಮರ್ಯಾದೆ ಹೋಯಿತು. ನಿಮ್ಮ ಬೋರ್ಡಿನಲ್ಲಿ ಪ್ರೋಗ್ರಾಮಿಂಗಿಗೆ ಬಳಕೆಯಾಗುವ 17, 18, 19ನೇ ಕಾಲಿಗೆ ರಿಲೇ ಡ್ರೈವರ್ ಹಾಕಿದ್ದರೆ ಈಗಲೇ ಬೇರೆ ಕಡೆ ಹಾಕಿ. ಹಾಕಿಲ್ಲದಿದ್ದರೂ, ಕೋಡ್ ಮುಗಿದ ಮರುಗಳಿಗೆ ಪ್ರೋಗ್ರಾಮರ್ ರೀಸೆಟ್ ಬಿಡುತ್ತದೆ, ಹೊಸ ಪ್ರೋಗ್ರಾಮ್ ಓಡಲು ಶುರು ಮಾಡುತ್ತದೆ. ನಿಮ್ಮ ಕೋಡಿನ ಮೊದಲ ಸಾಲೇ ಮೋಟಾರ್ ಆನ್ ಎಂದಿರಬಹುದು.

3.3 ವೋಲ್ಟಿನ ವಿಷಯ ನೀವು ಕೇಳಿಲ್ಲ, ಆದರೂ ಒಂದು ಮಾತು. ಯುಎಸ್‌ಬಿಎಎಸ್‌ಪಿ ಮೇಲೆ 5 ಮತ್ತು 3.3 ಎಂಬ ಜಂಪರ್ ಇರುತ್ತದೆ. ಬಹಳಷ್ಟು ಅಗ್ಗದವುಗಳಲ್ಲಿ ಅದು ಬದಲಿಸುವುದು ವಿಸಿಸಿ ಎಳೆಯನ್ನು ಮಾತ್ರ, ಸಿಗ್ನಲ್ ಎಳೆಗಳು 5ರಲ್ಲೇ ಇರುತ್ತವೆ. ಅದರ ಮೇಲೆ ಕೂತಿರುವುದೂ ಒಂದು ಎಟಿಮೆಗಾ8 ತಾನೇ. ಚೌಕಾಕಾರದ 32 ಕಾಲಿನ ಚಿಪ್ ಆಗಿದ್ದರೆ ಅದರ 4ನೇ ಕಾಲಿನಲ್ಲಿ ಮೀಟರ್ ಇಟ್ಟು ಜಂಪರ್ ಬದಲಿಸಿ ನೋಡಿ. ಜಂಪರ್ ಎರಡೂ ಕಡೆ ಇಟ್ಟಾಗಲೂ 5 ಬಂದರೆ, 3.3 ವೋಲ್ಟಿನ ಮಾಡ್ಯೂಲ್ ಇರುವ ಬೋರ್ಡಿಗೆ ಅದನ್ನು ನೇರವಾಗಿ ಹಚ್ಚಬೇಡಿ.

ಮುಂದಿನ ಸಲ ಬೋರ್ಡ್ ಪ್ರಿಂಟ್ ಹಾಕಿಸುವಾಗ ಪ್ರೋಗ್ರಾಮಿಂಗ್ ಕನೆಕ್ಟರಿನ ವಿಸಿಸಿ ದಾರಿಯಲ್ಲಿ ಎರಡು ಪಿನ್ನಿನ ಜಂಪರ್ ಒಂದನ್ನು ಇಡಿ, ಕೇಬಲ್ ಕತ್ತರಿಸುವ ಕೆಲಸ ಉಳಿಯುತ್ತದೆ. ಕೆಲವರು ಜಂಪರ್ ಬದಲು 1ಎನ್5819 ಡಯೋಡ್ ಹಾಕುತ್ತಾರೆ, ಅದೇ ಎನ್‌ಆರ್‌ವಿ ವಾಲ್ವ್. ಕೆಲಸ ಮಾಡುತ್ತದೆ, ಆದರೆ ಬರೀ ಪ್ರೋಗ್ರಾಮರಿನಿಂದ ನಡೆಸುವಾಗ ಸುಮಾರು 0.3 ವೋಲ್ಟ್ ತಿನ್ನುತ್ತದೆ. 4.5 ಬೇಕೆನ್ನುವ ಚಿಪ್ಪಿಗೆ ಅಷ್ಟೂ ಜಾಸ್ತಿಯೇ. ನನಗೆ ಜಂಪರೇ ಇಷ್ಟ.

ಇಷ್ಟೆಲ್ಲ ಮಾಡಿ, 7ನೇ ಕಾಲಿನಲ್ಲಿ ಅಲುಗಾಡದ 5 ವೋಲ್ಟ್ ಇದ್ದೂ ‘ಉತ್ತರ ಕೊಡುತ್ತಿಲ್ಲ’ ಎಂದೇ ಬಂದರೆ ಅದು ಕರೆಂಟಿನ ತಪ್ಪಲ್ಲ. ಹೊಸ ಎಟಿಮೆಗಾ8 ಫ್ಯಾಕ್ಟರಿಯಿಂದ ಬರುವಾಗ ಒಳಗಿನ 1 ಮೆಗಾಹರ್ಟ್ಸ್ ಕ್ಲಾಕ್ ಮೇಲೆ ಓಡುತ್ತಿರುತ್ತದೆ. ಪ್ರೋಗ್ರಾಮರಿನ ವೇಗ ಅದರ ಕಾಲು ಭಾಗಕ್ಕಿಂತ, ಅಂದರೆ 250 ಕಿಲೋಹರ್ಟ್ಸಿಗಿಂತ ಕಡಿಮೆ ಇರಬೇಕು. ಯುಎಸ್‌ಬಿಎಎಸ್‌ಪಿ ಸಾಮಾನ್ಯವಾಗಿ 375ರಲ್ಲಿ ಮಾತಾಡುತ್ತದೆ. ಅದರ ಮೇಲಿನ ಸ್ಲೋ ಎಂಬ ಜಂಪರ್ ಹಾಕಿ, ಇಲ್ಲವೇ ಲ್ಯಾಪ್‌ಟಾಪಿನಲ್ಲಿ ಕೋಡ್ ಬರೆಯುವ ಸಾಫ್ಟ್‌ವೇರ್ ಎವಿಆರ್‌ಡ್ಯೂಡ್‌ನ ಕಮಾಂಡಿಗೆ ಮೈನಸ್ ದೊಡ್ಡ ಬಿ, ಜಾಗ ಬಿಟ್ಟು 10 ಎಂದು ಸೇರಿಸಿ ಒಮ್ಮೆ ನೋಡಿ.